ಆದಿಲಕ್ಷ್ಮಿಯ ಪಕ್ಕದ ಎಲೆ

ಮದುವೆಯ ದಿನ ಕಾಂತರಾಜ್ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ಅವತ್ತು ಗಾಳಿಗೆ ಶಾಮಿಯಾನ ಎದ್ದಿತ್ತು. ಅದು ಅವನದೇ ಅಂಗಡಿಯದು. ಮದುಮಗ ಬಾಸಿಂಗದ ಸಮೇತ ಗಳ ಹತ್ತಿ ಹಗ್ಗ ಬಿಗಿಯುತ್ತಿದ್ದಾಗ ಕೆಳಗೆ ಆದಿಲಕ್ಷ್ಮಿ ಒಬ್ಬಳೇ ಊಟ ಮುಗಿಸಿದ್ದಳು. "ಮುಂದೆ ನಮ್ಮನೆ ಕಾರ್ಯ ಆದಾಗ ಮೊದಲ ಪಂಕ್ತೀಲಿ ನಿನ್ ಪಕ್ಕಾನೇ ಕೂತು ಊಟ ಮಾಡ್ತೀನಿ ಕಣೇ" ಅಂದಿದ್ದ. ಆಮೇಲೆ ಮಾಲೂರು ಸುತ್ತಿನ ಮದುವೆಗಳಲ್ಲೆಲ್ಲ ಅವನು ಉಂಡದ್ದು ನೀರಿನ ಡ್ರಮ್ಮಿನ ಪಕ್ಕ, ನಿಂತುಕೊಂಡೇ.

ಈಗ ಮಗಳು ಮೇಘನಳ ನಿಶ್ಚಿತಾರ್ಥ. ಈ ಸಲ ಓಡಾಟವನ್ನೆಲ್ಲ ಯಾವುದಾದರೂ ಕಂಪ್ಯೂಟರ್ ಕಂಪನಿಗೆ ವಹಿಸಿ ತಾನು ಎಲೆ ಮುಂದೆ ಕೂರಬೇಕೆಂದು ಅವನ ಆಸೆ. ಇಬ್ಬರು ಬಂದರು. ಒಬ್ಬ ಡ್ರೋನು, ದೊಡ್ಡ ಪರದೆ ಅಂತೆಲ್ಲ ಹೇಳಿದ. ಕೋಲಾರದ ಶಿವಕುಮಾರ್ ಮಾತ್ರ, "ನೆಂಟರ ಫೋನಿಗೆ ಟೋಕನ್ ಹೋಗುತ್ತೆ ಸಾರ್. ಬಾಗಿಲಲ್ಲಿ ಮಿಷನ್‌ಗೆ ತೋರಿಸಿದ್ರೆ ಯಾವ ಪಂಕ್ತಿ, ಯಾವ ಎಲೆ ಅಂತ ಬರುತ್ತೆ. ನೀವು ಆರಾಮಾಗಿ ಕೂತ್ಕೊಳ್ಳಿ" ಅಂದ. ಶಾಮಿಯಾನದ ದಂಧೆಗೆ ಇಳಿದ ಮೇಲೆ ಕಾಂತರಾಜನಿಗೆ ಕೂತ್ಕೊಳ್ಳಿ ಅಂದವರೇ ಇರಲಿಲ್ಲ. ಅಲ್ಲೇ ಒಪ್ಪಿಬಿಟ್ಟ.

ಟೇಕಲ್ಲಿನ ಚಿಕ್ಕಪ್ಪ ಶ್ರೀನಿವಾಸಪ್ಪ ಮೂಗು ಮುರಿದರು. "ಏಮಯ್ಯಾ, ನಮ್ಮೋರ ಮನೇಲಿ ಉಣ್ಣೋಕೂ ಸಿನಿಮಾ ಥರ ಟಿಕೆಟ್ಟಾ?"

"ಒಂದ್ ಫೋನ್ ನಂಬರ್ ಕೊಟ್ರೆ ಸಾಕು ಚಿಕ್ಕಪ್ಪ."

"ಅಷ್ಟೇನಾ? ಕೊಟ್ರಾಯ್ತು ಬಿಡು."

ಎಲ್ಲರೂ ಶಿವಕುಮಾರ್‌ಗೆ ನಂಬರ್ ಕೊಟ್ಟರು. ಗ್ಯಾಸಿಗಾಗಲಿ, ರೇಷನ್ನಿಗಾಗಲಿ, ಯಾರಾದರೂ ನಂಬರ್ ಕೇಳಿದರೆ ಕಾಂತರಾಜನ ನಂಬರ್ ಹೇಳುವುದೇ ಆ ಬಳಗದ ವಾಡಿಕೆ.

ನಿಶ್ಚಿತಾರ್ಥದ ದಿನ ಉಂಗುರ ಬದಲಾಯಿಸಿ ಊಟದ ಹಾಲಿನ ಬಾಗಿಲು ತೆಗೆದದ್ದೇ ತಡ, ಅವನ ಜೇಬು ಕೆಣಕಿದ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಲಕ್ಕೂರಿನವರದು, ಶಿವಾರಪಟ್ಟಣದವರದು, ಚಿಕ್ಕಪ್ಪನದು, ಅಷ್ಟೂ ಟೋಕನ್ನು ಅವನ ಫೋನಿಗೇ ಬಂದಿದ್ದವು.

"ನಿಮ್ಮ ಫೋನ್ ಇಲ್ದೆ ಮಿಷನ್ ಯಾರನ್ನೂ ಬಿಡಲ್ಲ ಸಾರ್. ನೀವಿಲ್ಲೇ ನಿಂತು ಒಬ್ಬೊಬ್ಬರದೂ ತೋರಿಸ್ತಾ ಇರಿ. ತುಂಬಿದ ಎಲೆಗೆ ಒಳಗಡೆ ನಾನು ಗುರುತು ಹಾಕ್ತೀನಿ" ಎಂದು ಶಿವಕುಮಾರ್ ಒಳಗೆ ಹೋದ.

ಕಾಂತರಾಜ್ ಮಂಗಳಾರತಿ ತಟ್ಟೆ ಹಿಡಿದ ಪೂಜಾರಿಯಂತೆ ಫೋನ್ ಹಿಡಿದು ನಿಂತ. "ಲೇ, ನಮ್ಮೆಜಮಾನ್ರದ್ದು ಮೊದ್ಲು ತೋರ್ಸೋ" ಎಂದು ಲಕ್ಕೂರಿನ ಅತ್ತೆ ಒಂದು ಕಡೆಯಿಂದ ಎಳೆದರು. "ಏನ್ಲಾ, ನಿಮ್ಮ ಚಿಕ್ಕಮ್ಮ ಮೊದಲ್ನೇ ಪಂಕ್ತಿ, ನಾನು ಎರಡನೇದಾ? ಮನೆ ಒಡೀತೀಯಾ?" ಎಂದು ಚಿಕ್ಕಪ್ಪ ಇನ್ನೊಂದು ಕಡೆಯಿಂದ ಅಂಗಿ ಹಿಡಿದರು.

ತಲೆಗಳ ಸಂದಿನಲ್ಲಿ, ಆಗಲೇ ಒಳಗೆ ಮೊದಲ ಪಂಕ್ತಿಯಲ್ಲಿ ಕೂತಿದ್ದ ಆದಿಲಕ್ಷ್ಮಿ ಕಾಣುತ್ತಿದ್ದಳು. ಪಕ್ಕದ ಖಾಲಿ ಕುರ್ಚಿಯ ಮೇಲೆ ಸೀರೆಯ ಸೆರಗು ಹರಡಿ, ಅದರ ಮೇಲೆ ಕೈಯಿಟ್ಟು, ಬಾಗಿಲ ಕಡೆಗೇ ನೋಡುತ್ತಿದ್ದಳು. ಮುಡಿದ ಮಲ್ಲಿಗೆ ಒಂದು ಕಡೆ ಜಾರಿತ್ತು. ಹತ್ತಿರವಿದ್ದಿದ್ದರೆ ಸರಿಮಾಡಬಹುದಿತ್ತು ಎನ್ನಿಸಿತು ಅವನಿಗೆ. 'ಬಂದೆ' ಎಂದು ಕೈ ಎತ್ತಿ ಸನ್ನೆ ಮಾಡಿದ. ಅಷ್ಟರಲ್ಲಿ ಇನ್ನೊಂದು ಗುಂಪು ಅಡ್ಡ ಬಂತು.

ಒಳಗಿಂದ ಬೀಗಿತಿ ಶಾಮಲಮ್ಮನ ದನಿ ಕೇಳಿಸಿತು. "ಬಡಿಸಿದ ಎಲೆ ಖಾಲಿ ಬಿಡಬಾರದಮ್ಮ, ಹುಡುಗ ಹುಡುಗಿಗೆ ಒಳ್ಳೇದಲ್ಲ. ಪಂಕ್ತೀಲಿ ಎಲ್ಲರೂ ಕೈ ಕಟ್ಕೊಂಡು ಕೂತಿದಾರೆ."

ಕಾಂತರಾಜ್ ಚಿಕ್ಕಪ್ಪನ ಹಿಡಿತ ಬಿಡಿಸಿಕೊಂಡು, ಎಲ್ಲರನ್ನೂ ಸರಿಸಿ, ಕಡೆಗೂ ತನ್ನ ಟೋಕನ್ನು ಮಿಷನ್‌ಗೆ ಹಿಡಿದ.

'ಈ ಎಲೆ ಭರ್ತಿಯಾಗಿದೆ' ಎಂದಿತು ಮಿಷನ್.

ಕತ್ತು ಉದ್ದ ಮಾಡಿ ನೋಡಿದ. ಆದಿಲಕ್ಷ್ಮಿಯ ಪಕ್ಕ ಶಿವಕುಮಾರ್ ಅಂಗಿಯ ತೋಳು ಮಡಚಿ ಹುಳಿಯನ್ನ ಕಲೆಸುತ್ತಿದ್ದ.

"ಸಂಕೋಚ ಪಡಬೇಡಪ್ಪ, ತಿನ್ನು. ಬೆಳಗಿಂದ ದುಡಿದಿದೀಯ" ಎನ್ನುತ್ತ ಆದಿಲಕ್ಷ್ಮಿ ಅವನ ಎಲೆಗೆ ತನ್ನ ಒಬ್ಬಟ್ಟನ್ನೂ ಹಾಕಿದಳು. "ನಮ್ಮೋರು ಬರೋರಲ್ಲ. ನಂಗೊತ್ತು."

ಕಾಂತರಾಜ್ ಚಿಕ್ಕಪ್ಪನ ಟೋಕನ್ನು ತೆರೆದ. ಮದುವೆಯ ದಿನ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.