ನಲ್ಲಿಕಟ್ಟೆಯ ಮಧ್ಯಾಂಕ ಸಮರ

ಎಂಟು ದಿನಕ್ಕೊಮ್ಮೆ ಗಂಗೆಯು ನಲ್ಲಿಯ ಮಾರ್ಗವಾಗಿ ಭೂಲೋಕಕ್ಕಿಳಿದು, ಒಂದು ತಾಸು ಮಾತ್ರ ದರ್ಶನವಿತ್ತು ಅಂತರ್ಧಾನಳಾಗುತ್ತಿದ್ದ ಆ ಕೊಡಪಾನಯುಗದಲ್ಲಿ, ಗಾಣಿಗೇರ ಓಣಿಯೆಂಬ ರಣಭೂಮಿಯಲ್ಲಿ, ಸರಾಸರಿಸಾರ್ವಭೌಮನೂ ವಿಚಲನವಿಮರ್ದನನೂ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಬೋಧಿಸಿ ನಿವೃತ್ತನೂ ಆದ ಚನ್ನವೀರಪ್ಪ ಹೂಗಾರನೆಂಬ ಮಹಾರಥಿಯಿದ್ದನು. ಎಲೈ ವಾಗ್ದೇವಿಯೇ, ನಾಲಗೆಗೆ ಬಲವನ್ನಿತ್ತು ಈ ಸಮರವನ್ನು ಹೇಳಿಸು.

ಅಂದು ಬೆಳಿಗ್ಗೆ ಧರ್ಮಪತ್ನಿ ನೀಲಾಂಬಿಕೆಯು ಅವನ ಕೈಗೆ ತಾಮ್ರದ ಕೊಡವನ್ನಿಟ್ಟು, "ಮನ್ಯಾಗ ಹನಿ ನೀರಿಲ್ಲ. ಖಾಲಿ ಕೊಡ ತಂದ್ರ ಅಡಗಿ ಇಲ್ಲ ನೋಡ್ರಿ" ಎಂದು ಆಜ್ಞಾಪಿಸಿದ್ದಳು.

ನಲ್ಲಿಯೆದುರು ಹನ್ನೆರಡು ಕೊಡಗಳು ವ್ಯೂಹ ಕಟ್ಟಿ ನೀರಿಗಾಗಿ ಕಾದಿದ್ದವು. ಆಗ ಪ್ರಳಯಮೇಘಶ್ಯಾಮಲೆಯೂ ವಕ್ರಶೃಂಗಭೀಷಣೆಯೂ ಆದ ಮಹಿಷಿಯೊಂದು, ಅಂದರೆ ಆ ಕ್ಷಣದಲ್ಲಿ ಯಾರೂ ತಮ್ಮದೆಂದು ಒಪ್ಪದ ಒಂದು ಎಮ್ಮೆ, ನುಗ್ಗಿ ಪಾಳಿಯನ್ನು ದಿಕ್ಕಾಪಾಲು ಮಾಡಿತು. ಯಾರ ಕೊಡ ಎಷ್ಟನೆಯದಿತ್ತು? ಹನ್ನೆರಡು ಮಂದಿಯೂ ಕಣ್ಣಾರೆ ಕಂಡವರೇ. ಹನ್ನೆರಡು ಮಂದಿಯೂ ಬೇರೆ ಬೇರೆ ಕಂಡಿದ್ದರು.

"ನಂದ ಮೊದಲನೇದು. ಕೋಳಿ ಕೂಗೂದ್ರಾಗ ತಂದಿಟ್ಟೇನಿ," ಎಂದಳು ಸಮರಚಂಡಿ ದ್ಯಾಮವ್ವ.

"ಹೌದವಾ, ಕೋಳೀನ ನೀನ ಎಬ್ಬಿಸಿರಬೇಕು," ಎಂದಳು ರಾಬಿಯಾ. "ನಂದ ಮೊದಲಿತ್ತು."

ಹೂಗಾರನು ಕಟ್ಟೆಯೇರಿ ಮೇಘಗಂಭೀರ ಧ್ವನಿಯಿಂದ ನುಡಿದನು: "ಎಲೈ ಕುಂಭಧಾರಿಗಳಿರಾ, ಕಣ್ಣು ಸುಳ್ಳಾಡೀತು, ಮಧ್ಯಾಂಕವು ಆಡದು. ತನ್ನ ಕೊಡದ ವಿಷಯದಲ್ಲಿ ತನ್ನ ಸಾಕ್ಷ್ಯ ನಡೆಯದು. ಉಳಿದ ಹನ್ನೊಂದು ಮಂದಿ ಹೇಳಿದ ಸ್ಥಾನಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಟ್ಟನಡುವಿನದನ್ನು ಹಿಡಿಯುವೆನು. ಇದಕ್ಕೆ ತಪ್ಪಿದರೆ ನಾನು ಸಂಖ್ಯಾಶಾಸ್ತ್ರಜ್ಞನೇ ಅಲ್ಲ." ತನ್ನ ಕೊಡ ಎರಡನೆಯದೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಸೀಮೆಸುಣ್ಣವೆಂಬ ದಿವ್ಯಾಸ್ತ್ರವು ಕಟ್ಟೆಯ ಮೇಲೆ ಹರಿದಾಡಿತು. ರಾಬಿಯಾ ಮೊದಲು, ದ್ಯಾಮವ್ವ ನಾಲ್ಕು. ದ್ಯಾಮವ್ವ ಗೊಣಗಿದಳು, ಆದರೆ ಒಪ್ಪಿದಳು. ಹೀಗೆ ಹನ್ನೊಂದು ವ್ಯಾಜ್ಯಗಳು ಇತ್ಯರ್ಥವಾಗಲು ಓಣಿಯೇ ಬೆರಗಾಯಿತು. ಕಡೆಗೆ ಹೂಗಾರನ ಹೆಸರು ಬಂತು. ಹನ್ನೊಂದು ಬಾಯಿಗಳೂ ಒಂದೇ ಅಂಕಿ ಹೇಳಿದವು: ಹನ್ನೆರಡು.

"ನೀವು ಎಲ್ಲಾರಿಗಿಂತ ಹಿಂದ ಬಂದ್ರಲ್ರೀ ಸರ, ಪೇಪರ್ ಓದ್ಕೋತ," ಎಂದಳು ರಾಬಿಯಾ, ಪಾಪ, ಮೆತ್ತಗೆ.

ವಿಚಲನ, ಅಂದರೆ ಹೇಳಿಕೆ ಹೇಳಿಕೆಗಳ ನಡುವಿನ ಅಂತರ, ಶೂನ್ಯ. ಮೂವತ್ತೊಂದು ವರ್ಷಗಳಲ್ಲಿ ಇಷ್ಟು ಶುದ್ಧವಾದ ದತ್ತಾಂಶವನ್ನು ಅವನು ಕಂಡಿರಲಿಲ್ಲ. ಸರಾಸರಿಯ ಬೇರೆ ಸೂತ್ರಗಳೆಲ್ಲ ನೆನಪಾದವು. ಯಾವ ಸೂತ್ರದಲ್ಲೂ ಹನ್ನೆರಡು ಎರಡಾಗಲಿಲ್ಲ. ಆ ಸತ್ಯವ್ರತನು ಕೈಯಾರೆ ತನ್ನ ಹೆಸರನ್ನು ಎಲ್ಲರ ಕೆಳಗೆ ಬರೆದನು.

ನೀರು ಬಂತು. ಹತ್ತನೆಯ ಕೊಡದ ಕುತ್ತಿಗೆಯವರೆಗೆ ಬಂದು, ಎರಡು ಸಲ ಕೆಮ್ಮಿ, ನಿಂತಿತು.

ನೀಲಾಂಬಿಕೆ ಕೊಡವನ್ನು ಬಗ್ಗಿಸಿ ನೋಡಿ, ಒಲೆ ಆರಿಸಿದಳು. ಮಹಾರಥಿಯು ಮಧ್ಯಾಹ್ನ ಒಣ ಚುರುಮುರಿ ತಿಂದು, ನೀರು ಕೇಳುವ ಧೈರ್ಯವಾಗದೆ ಮಲಗಿದನು.