ತೇಗದ ಮಂಚಕ್ಕೆ ಬಂದ ಚೆಕ್

ಬ್ಯಾಂಕಿನವರಿಗೆ ಕಳ್ಳರಿಂದ ತಲೆನೋವು ಎಂದು ಹೊರಗಿನವರು ತಿಳಿದಿರುತ್ತಾರೆ. ಕಳ್ಳರನ್ನು ಹೇಗೋ ನಿಭಾಯಿಸಬಹುದು. ನನ್ನ ಜೀವ ಹಿಂಡುವವರು ಪ್ರಾಮಾಣಿಕರು. ಜಯನಗರದ ನಮ್ಮ ಶಾಖೆಗೆ ಬರುವವರಲ್ಲಿ ಇಂಥವರೇ ಹೆಚ್ಚು. ಆನ್‌ಲೈನ್ ಮೋಸದ ಬಗ್ಗೆ ಎಚ್ಚರಿಸುವ ಪೋಸ್ಟರನ್ನು ನಾನೇ ಬಾಗಿಲ ಪಕ್ಕ ಅಂಟಿಸಿದ್ದೇನೆ. ಜನ ಅದಕ್ಕೇ ಬೆನ್ನು ಒರಗಿಸಿ ನಿಂತು, ಜೆರಾಕ್ಸ್ ಅಂಗಡಿ ಎಲ್ಲಿದೆ ಎಂದು ಕೇಳುತ್ತಾರೆ. ಒಂದು ಭಾನುವಾರ ಪಾರ್ಕಿನಲ್ಲಿ ವಾಕಿಂಗ್ ಬಂದವರನ್ನು ಕೂರಿಸಿಕೊಂಡು ಇದೇ ವಿಷಯವನ್ನು ಗಂಟಲು ಹರಿಯುವಂತೆ ವಿವರಿಸಿದೆ. ಎಲ್ಲರೂ ತಲೆದೂಗಿದರು. ಪ್ರಶ್ನೆಗಳಿವೆಯೇ ಎಂದಾಗ ಒಬ್ಬರು ಎದ್ದು, ಡಿಪಾಸಿಟ್ ಬಡ್ಡಿ ಯಾವಾಗ ಏರಿಸುತ್ತೀರಿ ಎಂದರು.

ಅಂದು ಎಲ್ಲರಿಗಿಂತ ಹೆಚ್ಚು ತಲೆದೂಗಿದವರು ನಾಗರತ್ನಮ್ಮ, ನಿವೃತ್ತ ಗಣಿತದ ಮೇಡಂ. ಕಂಡಕ್ಟರ್ ಹೆಚ್ಚು ಚಿಲ್ಲರೆ ಕೊಟ್ಟರೆ ಬಸ್ಸು ನಿಲ್ಲಿಸಿ ಹಿಂತಿರುಗಿಸುವ ಪೈಕಿ. ಕಳೆದ ತಿಂಗಳು ಅವರು ಹಳೆಯ ತೇಗದ ಮಂಚವೊಂದನ್ನು ಮೊಬೈಲಿನಲ್ಲಿ ಮಾರಾಟಕ್ಕಿಟ್ಟರು. ಮಂಚ ನೋಡದೆ, ಚೌಕಾಸಿ ಮಾಡದೆ ಒಬ್ಬ ಒಪ್ಪಿಕೊಂಡ. ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಮೇಡಂಗೆ ಅನುಮಾನ ಬರಲು ಇಷ್ಟು ಸಾಕಿತ್ತು. ಬರಲಿಲ್ಲ. ಮಂಚದ ಬೆಲೆ ಇಪ್ಪತ್ತು ಸಾವಿರ. ಆತ ಎಪ್ಪತ್ತು ಸಾವಿರದ ಚೆಕ್ಕನ್ನು ಅವರ ಖಾತೆಗೆ ಹಾಕಿ, ರಸೀದಿಯ ಫೋಟೋ ಕಳಿಸಿ, ಕೈತಪ್ಪಿ ಜಾಸ್ತಿ ಬರೆದುಬಿಟ್ಟೆ, ಉಳಿದದ್ದನ್ನು ಈಗಲೇ ಕಳಿಸಿಕೊಡಿ ಅಮ್ಮಾ ಎಂದು ಫೋನಿನಲ್ಲಿ ಅತ್ತನಂತೆ.

ಮೊಬೈಲಿನಲ್ಲಿ ದುಡ್ಡು ಕಳಿಸುವಾಗ ಹುಷಾರು ಎಂದು ಪಾರ್ಕಿನಲ್ಲಿ ನಾನು ಹೇಳಿದ್ದನ್ನು ಮೇಡಂ ಚಾಚೂ ತಪ್ಪದೆ ಪಾಲಿಸಿದರು. ಅಂದರೆ, ಕಣ್ಣಿನ ಆಪರೇಷನ್ನಿಗೆ ಎತ್ತಿಟ್ಟಿದ್ದ ಐವತ್ತು ಸಾವಿರವನ್ನು ಅವನಿಗೆ ಕಳಿಸಲು ನೇರ ನನ್ನ ಕೌಂಟರಿಗೇ ಬಂದರು. ಚೆಕ್ ಇನ್ನೂ ಪಾಸಾಗಿಲ್ಲ, ಪಾಸಾಗುವುದೂ ಇಲ್ಲ, ನೀವು ಕಳಿಸುತ್ತಿರುವುದು ನಿಮ್ಮದೇ ದುಡ್ಡು ಎಂದು ಬಿಡಿಸಿ ಹೇಳಿದೆ. ಕಾಗದದ ಮೇಲೆ ಕೂಡಿ ಕಳೆದು ತೋರಿಸಿದೆ, ಅದೂ ಗಣಿತದ ಮೇಡಂಗೆ.

“ಇನ್ನೊಬ್ಬರ ದುಡ್ಡು ನನ್ನ ಹತ್ರ ಇದ್ರೆ ನಂಗೆ ಊಟ ಸೇರಲ್ಲ ಸಾರ್. ನೀವು ಕಳಿಸ್ತೀರೋ ಇಲ್ವೋ?”

ನನಗೆ ರೇಗಿಹೋಯಿತು. ಒಳಗೊಳಗೇ ಭಯವೂ ಆಯಿತು. ಆ ದುಡ್ಡು ಹೋದರೆ ಆಪರೇಷನ್ನೂ ಹೋದ ಹಾಗೆಯೇ.

“ಸರ್ವರ್ ಡೌನ್ ಇದೆ ಮೇಡಂ, ನಾಳೆ ಬನ್ನಿ,” ಎಂದುಬಿಟ್ಟೆ.

ಅಷ್ಟು ಹೊತ್ತು ನನ್ನ ಒಂದು ಮಾತನ್ನೂ ನಂಬದವರು ಇದನ್ನು ತಕ್ಷಣ ನಂಬಿದರು. ಪಕ್ಕದ ಕೌಂಟರಿನಲ್ಲಿ ಪಾಸ್‌ಬುಕ್ ಮೆಷಿನ್ ಕರಕರ ಎಂದು ಅಚ್ಚು ಹಾಕುತ್ತಿತ್ತು. ನಾನು ಜೋರಾಗಿ ಕೆಮ್ಮಿದೆ. ಮೇಡಂ ಗೊಣಗುತ್ತಾ ಮನೆಗೆ ಹೋಗಿ, ಸರ್ವರ್ ಕೆಟ್ಟಿದೆ ಎಂದು ಗ್ರಾಹಕರನ್ನು ವಾಪಸ್ ಕಳಿಸುತ್ತಾರೆ ಎಂದು ಹೆಡ್ ಆಫೀಸಿಗೆ ನನ್ನ ಮೇಲೊಂದು ದೂರು ಮೇಲ್ ಮಾಡಿದರು.

ಮರುದಿನ ಚೆಕ್ ಬೌನ್ಸ್ ಆಯಿತು. ಮಂಚ ಕೊಳ್ಳುವವನ ಫೋನ್ ಸ್ವಿಚ್ ಆಫ್. ಎರಡು ದಿನ ಬಿಟ್ಟು ಮೇಡಂ ಒಂದು ಡಬ್ಬಿ ಚಕ್ಕುಲಿ ತಂದು, ಕಣ್ಣೊರೆಸಿಕೊಳ್ಳುತ್ತಾ, ನಿಮ್ಮ ಸರ್ವರ್ ಕೆಟ್ಟಿದ್ದೇ ಒಳ್ಳೇದಾಯಿತು ಎಂದರು. ಹೊಗಳಿಕೆಯೆಲ್ಲ ಸರ್ವರ್‌ಗೆ ಹೋಗುವುದನ್ನು ನೋಡಲಾರದೆ ನಾನು ನಿಜ ಒಪ್ಪಿಕೊಂಡೆ. ಹೆಡ್ ಆಫೀಸಿನವರು ವಿವರಣೆ ಕೇಳಿದ್ದಾರೆ, ದೂರನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದೂ ಕೇಳಿಕೊಂಡೆ. ಮೇಡಂ ಚಕ್ಕುಲಿ ಡಬ್ಬಿಯನ್ನು ನನ್ನತ್ತ ಇನ್ನಷ್ಟು ತಳ್ಳಿದರು.

“ನಿಮ್ಮ ಋಣ ತೀರಿಸಕ್ಕಾಗಲ್ಲ ಸಾರ್. ಆದ್ರೆ ನೀವು ಸುಳ್ಳು ಹೇಳಿದ್ದು ನಿಜ ತಾನೇ? ಹೆಂಗೆ ವಾಪಸ್ ತಗೊಳ್ಳಲಿ?”

ಅಷ್ಟಕ್ಕೇ ಬಿಡಲಿಲ್ಲ. ಸರ್ವರ್ ಮೇಲೆ ಸುಮ್ಮನೆ ತಪ್ಪು ಹೊರಿಸಿದಂತಾಯಿತೆಂದು ನೊಂದು, ಅದು ಅಂದು ಸರಿಯಾಗಿಯೇ ಇತ್ತು ಎಂದು ಹೆಡ್ ಆಫೀಸಿಗೆ ಇನ್ನೊಂದು ಮೇಲ್ ಕಳಿಸಿದರು. ವಿವರಣೆ ಬರೆಯಲು ಕೂತರೆ ನನಗೆ ಒಂದು ಸಾಲೂ ಹೊಳೆಯುತ್ತಿಲ್ಲ. ನಿನ್ನೆ ಅಲ್ಲಿಂದ ಫೋನ್ ಬಂತು, ಉತ್ತರ ಯಾಕೆ ತಡ ಎಂದು. ಸರ್ವರ್ ಡೌನ್ ಇದೆ ಸಾರ್, ನಾಳೆ ಕಳಿಸ್ತೀನಿ ಎಂದೆ.