ಹಾಜರಾತಿ ಕಮ್ಮಿಯಾದ ಅಟೆಂಡರು

ಇಂದ:
ಕ್ರಮಸಂಖ್ಯೆ 60, ಉರುಫ್ ಅಟೆಂಡರು,
ಸಮಾಜಶಾಸ್ತ್ರ ವಿಭಾಗ

ಗೆ:
ಮಾನ್ಯ ಕುಲಸಚಿವರು,
ವಿಶ್ವವಿದ್ಯಾಲಯ

ವಿಷಯ: ಅಟೆಂಡರಿಗೆ ಅಟೆಂಡೆನ್ಸ್ ಸಾಲದೆ ಬಂದಿರುವ ಬಗ್ಗೆ.

ಉಲ್ಲೇಖ: ತಮ್ಮ ಕಚೇರಿಯ ನೋಟಿಸು, ಅರ್ಜಿದಾರಳೇ ತಂದು ಅರ್ಜಿದಾರಳಿಗೇ ತಲುಪಿಸಿದ್ದು.

ಮಾನ್ಯರೇ,

ಸದರಿ ಅರ್ಜಿದಾರಳು ಹತ್ತೊಂಬತ್ತು ವರ್ಷಗಳಿಂದ ವಿಭಾಗದಲ್ಲಿ ಕಸ ಗುಡಿಸಿ, ಗಂಟೆ ಹೊಡೆದು, ಉಳಿದ ಹೊತ್ತು ತರಗತಿಯ ಬಾಗಿಲಾಚೆ ಸ್ಟೂಲಿನ ಮೇಲೆ ಕೂತಿರುವವಳು.

1. ಕಳೆದ ತಿಂಗಳು ಸಾಮಾಜಿಕ ಸಮಾನತೆ, ಆರ್ಥಿಕ ವ್ಯವಸ್ಥೆ, ಶಿಕ್ಷಣದ ಗುಣಮಟ್ಟ ಇವುಗಳ ಬಗ್ಗೆ ವಿದ್ಯಾರ್ಥಿಗಳ ತಿಳಿವಳಿಕೆ ಅಳೆಯುವ ಸಮೀಕ್ಷೆ ನಡೆಯಿತು. ನಮೂನೆ ಅರವತ್ತು, ಬಂದವರು ಐವತ್ತೊಂಬತ್ತು. ಆದಕಾರಣ ಪ್ರೊಫೆಸರ್ ಮೇಡಂ ಬಾಗಿಲಾಚೆ ಕತ್ತು ಚಾಚಿ, "ಅಕ್ಕಾ, ಒಂದು ಉಳಿದುಬಿಟ್ಟಿದೆ. ನೀವೇ ತುಂಬಿಬಿಡಿ" ಅಂದರು. ಅರ್ಜಿದಾರಳು ಏಳನೇ ಕ್ಲಾಸ್ ಪಾಸು. ತುಂಬಿದಳು.

2. ಸಮಾನತೆ ಎಂದರೇನು? "ಮೇಷ್ಟ್ರುಗಳ ಶೌಚಾಲಯದ ಬೀಗದಕೈ ನನ್ನ ಸೊಂಟದಲ್ಲೇ ಇರುತ್ತದೆ, ತೊಳೆಯುವುದಕ್ಕೆ. ನನಗೆ ಅವಸರವಾದರೆ ಹಿಂದಿನ ಕಟ್ಟಡಕ್ಕೆ ಹೋಗಬೇಕು." ಆರ್ಥಿಕ ವ್ಯವಸ್ಥೆ? "ಮೂರು ವಿಭಾಗಕ್ಕೆ ಒಂದೇ ಪೊರಕೆ. ಮೊದಲು ಬಂದವರಿಗೆ ಪೊರಕೆ, ಆಮೇಲೆ ಬಂದವರಿಗೆ ಧೂಳು." ಗುಣಮಟ್ಟ? "ಹೊರಗೆ ಕೂತ ನನಗೆ ಪಾಠ ಕೇಳಿಸುತ್ತದೆ. ಒಳಗಿನವರನ್ನು ಕೇಳಿ ನೋಡಬೇಕು."

3. ಮಿಕ್ಕ ಐವತ್ತೊಂಬತ್ತು ಮಂದಿ ಒಂದೇ ಗೈಡು ನೋಡಿ ಬರೆದಿದ್ದರಿಂದ, ಅದರ ಅಚ್ಚಿನ ತಪ್ಪಾದ ‘ಸಾಮಾನುತೆ’ ಎಲ್ಲರಲ್ಲೂ ಹಾಗೇ ಇತ್ತು. ಆದ್ದರಿಂದ ಸಮೀಕ್ಷಾ ಸಮಿತಿಯು ಅರ್ಜಿದಾರಳ ನಮೂನೆಯಾದ ಕ್ರಮಸಂಖ್ಯೆ 60ನ್ನು ಬಾಯ್ತುಂಬ ಹೊಗಳಿತು. ಮೇಡಂ ಉತ್ತರಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖ ಎಲ್ಲಿಡಬೇಕೋ ತೋಚದೆ ಅರ್ಜಿದಾರಳು ಹತ್ತು ನಿಮಿಷ ಮೊದಲೇ ಗಂಟೆ ಹೊಡೆದುಬಿಟ್ಟಳು.

4. ಅಷ್ಟರಲ್ಲಿ ಕಂಪ್ಯೂಟರು ಕ್ರಮಸಂಖ್ಯೆ 60ನ್ನು ವಿದ್ಯಾರ್ಥಿನಿಯೆಂದು ದಾಖಲಿಸಿ, ಒಂದು ದಿನವೂ ಹಾಜರಿಲ್ಲದ ಕಾರಣ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನೋಟಿಸು ಹೊರಡಿಸಿತು. ಅರ್ಜಿದಾರಳು ತಮ್ಮ ಕಚೇರಿಯ ಸೂಪರಿಂಟೆಂಡೆಂಟರ ಬಳಿ ಓಡಿದಳು.

"ನಾನು ವಿದ್ಯಾರ್ಥಿನಿ ಅಲ್ಲ ಸಾರ್."

"ಅಲ್ಲ ಅನ್ನೋಕೆ ದಾಖಲೆ ಏನಿದೆ ನಿನ್ನ ಹತ್ರ?"

"ನನ್ನ ಕೈ ನೋಡಿ ಸಾರ್, ಹೆಂಗೆ ಒಡೆದಿದೆ."

"ಕೈ ಮೇಲೆ ಸೀಲ್ ಇಲ್ವಲ್ಲಮ್ಮ."

5. ವಿದ್ಯಾರ್ಥಿನಿಯಾದವಳು ನೌಕರಳಾಗಿರುವಂತಿಲ್ಲವೆಂದು ಅವರು ಅಂದೇ ಕೆಲಸದಿಂದ ನಿಲ್ಲಿಸಿದರು. ಗಂಟೆ ಹೊಡೆಯುವವರಿಲ್ಲದ ಕಾರಣ ಸೋಮವಾರದ ಮೊದಲನೇ ಪೀರಿಯಡ್ಡು ಈ ಗುರುವಾರವೂ ನಡೆಯುತ್ತಲೇ ಇದೆ.

6. ಹೆಸರು ತೆಗೆಸಬೇಕೆಂದೇ ಅರ್ಜಿದಾರಳು ಈ ಅರ್ಜಿ ಬರೆಯಲು ಕೂತಿದ್ದು. ಬರೆಯುವ ಮುನ್ನ ನೋಟಿಸನ್ನು ಮತ್ತೊಮ್ಮೆ ಓದಿದಳು. ಅದರಲ್ಲಿ "ತಾವು ತರಗತಿಗೆ ಬಂದಿರುವುದಿಲ್ಲ" ಎಂದಿತ್ತು. ಹತ್ತೊಂಬತ್ತು ವರ್ಷದಲ್ಲಿ ಕಚೇರಿ ಆಕೆಯನ್ನು "ತಾವು" ಅಂದದ್ದು ಇದೇ ಮೊದಲು. ಅದನ್ನು ನಾಲ್ಕು ಸಲ ಓದಿ, ಮನಸ್ಸು ಬದಲಾಯಿಸಿದಳು.

ಆದ್ದರಿಂದ, ಹೊರಗೆ ಕೂತದ್ದನ್ನು ಅರ್ಧ ಹಾಜರಿ ಎಂದು ಹಿಡಿದರೂ ಒಂಬತ್ತೂವರೆ ವರ್ಷವಾಗುವ ಕಾರಣ, ಅರ್ಜಿದಾರಳನ್ನು ಪರೀಕ್ಷೆಗೆ ಕೂರಿಸಬೇಕಾಗಿಯೂ, ಕೆಲಸಕ್ಕೂ ವಾಪಸು ತೆಗೆದುಕೊಳ್ಳಬೇಕಾಗಿಯೂ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ವಿದ್ಯಾರ್ಥಿನಿ / ನೌಕರಳು
(ಅನ್ವಯಿಸದ್ದನ್ನು ತಾವೇ ಹೊಡೆದುಹಾಕುವುದು)

ಲಗತ್ತು: ನೋಟಿಸಿನ ನಕಲು. ಅಸಲು ಕೊಡಲಾಗುವುದಿಲ್ಲ, ಮನೆಯಲ್ಲಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾಗಿದೆ.

ವಿ.ಸೂ.: ಪರೀಕ್ಷಾ ಕೊಠಡಿಯಲ್ಲಿ ಉತ್ತರಪತ್ರಿಕೆ ಹಂಚುವುದೂ ಅರ್ಜಿದಾರಳ ಕೆಲಸವೇ ಆಗಿರುವುದರಿಂದ, ತನಗೆ ತಾನೇ ಕೊಟ್ಟುಕೊಳ್ಳುವಾಗ ಎದ್ದು ನಿಂತು ತೆಗೆದುಕೊಳ್ಳಬೇಕೋ, ಕೂತೇ ತೆಗೆದುಕೊಳ್ಳಬಹುದೋ, ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.